ಕಚ್ಚಿದ ಬೋಲ್ಟಿಗೆ ಒಂದು ರಾತ್ರಿ ಕೊಡಿ

"ಎಂತ ಮಾರಾಯ, ಎರಡು ಶಾಕ್ ಅಬ್ಸಾರ್ಬರ್ ಬದಲಾಯಿಸೋಕೆ ಇಡೀ ದಿನ ಬೇಕಾ?"

ಮಲೆನಾಡಿನ ಗ್ಯಾರೇಜುಗಳ ಮುಂದೆ ಈ ಮಾತು ಆಗಾಗ ಕೇಳಿಸುತ್ತದೆ. ನಾವೂ ಹೇಳಿದವರೇ. ಕಳೆದ ಮಳೆಗಾಲ ಮುಗಿದ ಮೇಲೆ ನಮ್ಮ ಬಳಗದ ಒಬ್ಬರ ಮನೆಯ ಪಿಕಪ್ ಗಾಡಿಯ ಹಿಂದಿನ ಎರಡೂ ಶಾಕ್‌ಗಳು ಎಣ್ಣೆ ಸೋರತೊಡಗಿದವು. ಗುಂಡಿಗೆ ಇಳಿದರೆ ಗಾಡಿ ಮೂರು ಸಲ ಕುಣಿಯುತ್ತಿತ್ತು. ಬೆಳಗ್ಗೆ ಗ್ಯಾರೇಜಿಗೆ ಬಿಟ್ಟು, ಮಧ್ಯಾಹ್ನ ಅಡಿಕೆ ಹೇರಿಕೊಂಡು ಹೋಗುವುದು ನಮ್ಮ ಲೆಕ್ಕ.

ಮೇಲಿನ ಬೋಲ್ಟ್ ಬಂತು. ಕೆಳಗಿನದು ಅಲ್ಲಾಡಲಿಲ್ಲ. "ಎಣ್ಣೆ ಹಾಕಿ ಇಟ್ಟಿರ್ತೀನಿ, ನಾಳೆ ಬನ್ನಿ ಅಣ್ಣಾ" ಎಂದರು ಮೆಕ್ಯಾನಿಕ್. ನಾವು ಒಪ್ಪಲಿಲ್ಲ. ಕೊನೆಗೆ ಪಾನಾಕ್ಕೆ ಪೈಪ್ ಸಿಕ್ಕಿಸಿ ಇಬ್ಬರು ಜಗ್ಗಿದರು. ಬೋಲ್ಟಿನ ತಲೆ ಮುರಿಯಿತು. ಪಾನಾ ಜಾರಿ ಕೆಲಸದ ಹುಡುಗನ ಗೆಣ್ಣು ಸುಲಿಯಿತು. ಉಳಿದ ತುಂಡನ್ನು ಬಡಿದು ತೆಗೆಯುವಾಗ ಬ್ರಾಕೆಟ್ ಬಿರುಕು ಬಿಟ್ಟು ವೆಲ್ಡಿಂಗ್ ಖರ್ಚೂ ಸೇರಿತು. ಗಾಡಿ ಕೈಗೆ ಸಿಕ್ಕಿದ್ದು ಮೂರನೇ ದಿನ.

ತಪ್ಪು ನಮ್ಮದು. ಕಚ್ಚಿದ ಬೋಲ್ಟ್ ಬಿಡಿಸಲು ಬಲಕ್ಕಿಂತ ಮೊದಲು ಸಮಯ ಬೇಕು. ಆ ಸಮಯ ಕೊಡಬೇಕಾದವರು ಗಾಡಿ ಇಟ್ಟುಕೊಂಡ ನಾವು.

ಬೋಲ್ಟ್ ಯಾಕೆ ಕಚ್ಚುತ್ತದೆ?

ಶಾಕಿನ ತುದಿಯ ಬಳೆಯೊಳಗೆ ರಬ್ಬರ್ ಬುಷ್ ಇರುತ್ತದೆ. ಅದರ ನಡುವೆ ಕಬ್ಬಿಣದ ಚಿಕ್ಕ ಕೊಳವೆ. ಬೋಲ್ಟ್ ತೂರುವುದು ಆ ಕೊಳವೆಯಲ್ಲಿ. ಕೂದಲೆಳೆಯಷ್ಟು ಸಂದಿಗೆ ನೀರು ಹೊಕ್ಕರೆ ಬೇಗ ಆರುವುದಿಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಅದು ಉಬ್ಬಿ ಬೋಲ್ಟನ್ನೂ ಕೊಳವೆಯನ್ನೂ ಒಂದೇ ಮಾಡಿಬಿಡುತ್ತದೆ. ನಟ್ಟು ಬಿಚ್ಚಿದರೂ ಬೋಲ್ಟ್ ಹೊರಬರುವುದಿಲ್ಲ ಎಂದರೆ ಕಾರಣ ಇದೇ.

ಉಪ್ಪು ಸೇರಿದರೆ ಕೆಲಸ ಇನ್ನೂ ಬೇಗ ಕೆಡುತ್ತದೆ. ಮಲ್ಪೆ, ಮಂಗಳೂರು ಬಂದರಿನಿಂದ ಮೀನು ಹೇರಿಕೊಂಡು ಘಟ್ಟ ಹತ್ತುವ ಗಾಡಿಗಳ ಅಡಿಭಾಗಕ್ಕೆ ದಾರಿಯುದ್ದಕ್ಕೂ ಉಪ್ಪುನೀರು ತೊಟ್ಟಿಕ್ಕುತ್ತದೆ. ಸಮುದ್ರ ಕಾಣದ ಊರಿಗೂ ಇದು ತಪ್ಪಿದ್ದಲ್ಲ. ನಾವು ಹೇರುವ ಪೊಟ್ಯಾಷ್ ಗೊಬ್ಬರ ಎಂದರೆ ಪೊಟ್ಯಾಸಿಯಂ ಕ್ಲೋರೈಡ್, ಅದೂ ಉಪ್ಪಿನ ಜಾತಿಯೇ. ಗೊಬ್ಬರ ಹೇರಿದ ದಿನ ಗಾಡಿಯ ಅಡಿಗೆ ನೀರು ಬಿಟ್ಟು ತೊಳೆಯುವವರು ನಮ್ಮೂರಲ್ಲಿ ಎಷ್ಟು ಜನ?

ಬಾಡಿಗೆ ತಪ್ಪುತ್ತದಲ್ಲ?

ಈ ಪ್ರಶ್ನೆ ನ್ಯಾಯವಾದದ್ದೇ. ಗಾಡಿಯ ಕಂತು ಕಟ್ಟುವವರಿಗೆ ಒಂದು ದಿನ ನಿಂತರೂ ನಷ್ಟ. ಆದರೆ ಎಣ್ಣೆ ನೆನೆಯಲು ಗಾಡಿ ಗ್ಯಾರೇಜಿನಲ್ಲೇ ನಿಲ್ಲಬೇಕಿಲ್ಲ. ಕೆಲಸದ ಹಿಂದಿನ ಸಂಜೆ ಹತ್ತು ನಿಮಿಷ ಹೋಗಿ. ವೈರ್ ಬ್ರಷ್ಷಿನಿಂದ ನಟ್ಟು, ಬೋಲ್ಟಿನ ಮಣ್ಣು ತುಕ್ಕು ಉಜ್ಜಿಸಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆಸಿ ಮನೆಗೆ ಬನ್ನಿ. ಬ್ರೇಕಿನ ಮೇಲೆ ಬೀಳದಂತೆ ನೋಡಿಕೊಳ್ಳಿ. ಬೆಳಗ್ಗೆ ಇನ್ನೊಮ್ಮೆ ಹೊಡೆಸಿ ಕೆಲಸ ಶುರು ಮಾಡಿಸಿ.

ಆಮೇಲಿನದು ಮೆಕ್ಯಾನಿಕ್ ಕೈಚಳಕ. ಆರು ಮೂಲೆಯ ಬಾಕ್ಸ್ ಸ್ಪ್ಯಾನರ್ ಸರಿಯಾಗಿ ಕೂರಬೇಕು. ಬಾಯಿ ತೆರೆದ ಪಾನಾ ಹಾಕಿದರೆ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ತುಕ್ಕು ಸಡಿಲಿಸಿ ಎಣ್ಣೆ ಒಳಗಿಳಿಯುತ್ತದೆ. ಸ್ವಲ್ಪ ಬಿಗಿ ಮಾಡಿ, ಆಮೇಲೆ ಸಡಿಲ ಮಾಡಿ, ಹೀಗೆ ಹಿಂದೆ ಮುಂದೆ ಆಡಿಸಬೇಕು. ಅದಕ್ಕೂ ಬಗ್ಗದಿದ್ದರೆ ಬ್ರಾಕೆಟ್ಟಿಗೂ ಬುಷ್ಷಿಗೂ ನಡುವಿನ ಸಂದಿಯಲ್ಲಿ ಬೋಲ್ಟನ್ನೇ ಗ್ರೈಂಡರಿನಿಂದ ಕತ್ತರಿಸಬಹುದು. ಹಳೇ ಶಾಕ್ ಹೇಗೂ ಗುಜರಿಗೆ, ಹೋಗುವುದು ಒಂದು ಬೋಲ್ಟ್ ಅಷ್ಟೇ. ಹೊಸದು ಮಾತ್ರ ಅದೇ ಅಳತೆಯದಿರಲಿ. ಹಳೆಯದರ ತಲೆಯ ಮೇಲೆ 8.8 ಅಥವಾ 10.9 ಎಂದು ಇದ್ದರೆ ಹೊಸದರ ಮೇಲೂ ಅದೇ ಇರಬೇಕು. ಅದು ಬೋಲ್ಟಿನ ಗಟ್ಟಿತನದ ಗುರುತು.

ಬೆಂಕಿ ಬೇಡ

ಮೆಕ್ಯಾನಿಕ್ ಅಣ್ಣಂದಿರಿಗೂ ಒಂದು ಮಾತು. ಬೋಲ್ಟ್ ಬರಲಿಲ್ಲವೆಂದು ತಕ್ಷಣ ಗ್ಯಾಸ್ ಬೆಂಕಿ ಹಿಡಿಯಬೇಡಿ. ಶಾಕಿನೊಳಗೆ ಎಣ್ಣೆ ಇದೆ. ಎಷ್ಟೋ ಶಾಕ್‌ಗಳಲ್ಲಿ ಒತ್ತಡದ ನೈಟ್ರೋಜನ್ ಅನಿಲವೂ ಇರುತ್ತದೆ. ಕಾದರೆ ಸಿಡಿಯಬಹುದು. ಗ್ರೈಂಡರ್ ಹಿಡಿದವನ ಕಣ್ಣಿಗೆ ಕನ್ನಡಕ ಇರಲಿ, ಕಿಡಿ ಹಾರುವ ಕಡೆ ಡೀಸೆಲ್ ಟ್ಯಾಂಕ್, ಬ್ರೇಕ್ ಪೈಪ್ ಇದೆಯೇ ನೋಡಿ. ಬರೀ ಜಾಕಿ ನಂಬಿ ಯಾರನ್ನೂ ಗಾಡಿಯಡಿಗೆ ಕಳಿಸಬೇಡಿ.

ಮನೆಯಂಗಳದಲ್ಲೇ ಕೆಲಸ ಮಾಡಿಕೊಳ್ಳುವವರೂ ಒಂದು ನೆನಪಿಡಿ. ಅನೇಕ ಕಾರುಗಳಲ್ಲಿ ಮುಂದಿನ ಶಾಕ್ ಮತ್ತು ಸ್ಪ್ರಿಂಗ್ ಒಟ್ಟಿಗೇ ಇರುತ್ತವೆ. ಸ್ಪ್ರಿಂಗ್ ಒತ್ತಿ ಹಿಡಿಯುವ ಸಾಧನ ಇಲ್ಲದೆ ಅದರ ಮೇಲಿನ ನಡು ನಟ್ಟು ಬಿಚ್ಚಿದರೆ ಸ್ಪ್ರಿಂಗ್ ಹಾರಿ ಜೀವಕ್ಕೇ ಕುತ್ತು ಬರಬಹುದು. ಅದನ್ನು ಗ್ಯಾರೇಜಿಗೇ ಬಿಡಿ.

ಹೊಸದು ಕೂರಿಸುವಾಗ

ಇವತ್ತು ಕಚ್ಚಿದ ಬೋಲ್ಟ್ ಹಿಂದಿನ ಸಲ ಒಣಗಿದ್ದ ಹಾಗೇ ತೂರಿಸಿದ ಬೋಲ್ಟ್ ಆಗಿರಬಹುದು. ಕೊಳವೆಯೊಳಗೆ ಹೋಗುವ ನುಣುಪು ಭಾಗಕ್ಕೆ ತೆಳ್ಳಗೆ ಗ್ರೀಸ್ ಸವರಲು ಹೇಳಿ, ರಬ್ಬರಿಗೆ ತಾಗದಿರಲಿ. ಎರಡೂ ಬದಿಯ ಶಾಕ್ ಒಟ್ಟಿಗೇ ಬದಲಿಸಿ. ಕೊನೆಯ ಬಿಗಿ, ಚಕ್ರ ನೆಲಕ್ಕೂರಿ ಗಾಡಿಯ ಭಾರ ಬಿದ್ದ ಮೇಲೆ ಆಗಬೇಕು. ಎತ್ತಿಟ್ಟಾಗಲೇ ಪೂರ್ತಿ ಬಿಗಿದರೆ ರಬ್ಬರ್ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಕೊನೆಗೆ ಕೂಲಿಯ ವಿಷಯ. ಅಂಗಡಿಯವರು ಹೇಳಿದ ಬೆಲೆಗೆ ಶಾಕ್ ಕೊಳ್ಳುವ ನಾವು ಕೂಲಿ ಕೊಡುವಾಗ ಮಾತ್ರ ಚೌಕಾಸಿಗೆ ಇಳಿಯುತ್ತೇವೆ. "ಒಂದು ಬೋಲ್ಟ್ ಬಿಚ್ಚಿದ್ದಕ್ಕೆ ಇಷ್ಟಾ?" ಎನ್ನುತ್ತೇವೆ. ಆ ಬೋಲ್ಟನ್ನು ಮುರಿಯದೆ, ಬ್ರಾಕೆಟ್ ಕೆಡಿಸದೆ, ಯಾರ ಕೈಗೂ ಗಾಯವಾಗದೆ ಬಿಚ್ಚಿಕೊಟ್ಟವರಿಗೆ ಕೇಳಿದಷ್ಟು ಕೊಡಿ. ಅವಸರ ಮಾಡಿ ನಾವು ತೆತ್ತದ್ದು ಅದಕ್ಕಿಂತ ಹೆಚ್ಚು.