ಮಕ್ಕಳ ಸೈಕಲ್ ಕಳವು: ನಾವು ಸುಮ್ಮನಿರುವುದೇಕೆ?



ಗಡಿನಾಡಿನ ಕನ್ನಡ ಶಾಲೆಗಳ ಸಮಸ್ಯೆ ಎಂದೊಡನೆ ತಮ್ಮ ಮನಸ್ಸಿಗೆ ಬರುವುದು ಖಾಲಿ ಬಿದ್ದ ಶಿಕ್ಷಕರ ಹುದ್ದೆ, ತಡವಾಗಿ ಬರುವ ಪಠ್ಯಪುಸ್ತಕ, ಕನ್ನಡದಲ್ಲಿ ಸಿಗದ ಪ್ರಶ್ನೆಪತ್ರಿಕೆ. ಇವೆಲ್ಲ ಮತ್ತೆ ಮತ್ತೆ ಚರ್ಚೆಯಾಗುತ್ತಿವೆ, ಆಗಲೇಬೇಕು. ನಾನು ಇಂದು ಬರೆಯುತ್ತಿರುವುದು ಮಾತ್ರ ಮಕ್ಕಳ ಸೈಕಲ್ ಕಳವಿನ ಬಗ್ಗೆ. ಇದೆಂಥ ಕ್ಷುಲ್ಲಕ ವಿಷಯ ಎಂದು ದಯವಿಟ್ಟು ಪುಟ ಮಗುಚಬೇಡಿ.

ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ಹಳ್ಳಿಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪ್ರಾಥಮಿಕ ಶಾಲೆ ಊರಲ್ಲೇ ಅಥವಾ ಪಕ್ಕದ ಊರಲ್ಲಿ ಇರುತ್ತದೆ. ಮುಂದಕ್ಕೆ ಕನ್ನಡದಲ್ಲೇ ಓದಬೇಕೆಂದರೆ ದೂರ ಹೋಗಬೇಕು. ಬಸ್ಸು ಶಾಲೆಯ ಗಂಟೆ ನೋಡಿಕೊಂಡು ಬರುವುದಿಲ್ಲ. ಹತ್ತಿರದಲ್ಲಿ ಶಾಲೆಯೇ ಇಲ್ಲವೆಂದಲ್ಲ. ತಮಿಳು ಮಾಧ್ಯಮದ್ದೋ ಇಂಗ್ಲಿಷ್ ಮಾಧ್ಯಮದ್ದೋ ಇರುತ್ತದೆ. ಇಂಥ ಕಡೆ ಮಗು ಕನ್ನಡದಲ್ಲಿ ಓದುತ್ತಿದೆ ಎಂದರೆ ಅದರ ಹಿಂದೆ ಒಂದು ಸೈಕಲ್ ಇದೆ ಎಂದೇ ತಿಳಿಯಿರಿ. ಆ ಸೈಕಲ್ ಹೋದ ವಾರ ಮಗು ನಡೆದುಕೊಂಡು ಬರುತ್ತದೆ. ಎರಡನೆಯ ವಾರ ತಡವಾಗಿ ಬರುತ್ತದೆ. ತಿಂಗಳು ಕಳೆದ ಮೇಲೆ ತಂದೆ ಬಂದು, “ಸಾರ್, ಅಷ್ಟು ದೂರ ಯಾಕೆ, ಇಲ್ಲೇ ಹತ್ತಿರದ ಸ್ಕೂಲಿಗೆ ಹಾಕ್ತೀನಿ, ಟಿ.ಸಿ. ಕೊಟ್ಬಿಡಿ” ಎನ್ನುತ್ತಾರೆ. ನಾವು ಕಾರಣದ ಕಾಲಂನಲ್ಲಿ “ಪೋಷಕರ ಇಚ್ಛೆ” ಎಂದು ಬರೆಯುತ್ತೇವೆ. ದಾಖಲಾತಿ ಏಕೆ ಕಡಿಮೆಯಾಯಿತು ಎಂದು ಮೇಲಿನವರು ಕೇಳಿದಾಗ ಯಾವ ರಿಜಿಸ್ಟರಿನಲ್ಲೂ ಸೈಕಲ್ಲಿನ ಸುದ್ದಿ ಇರುವುದಿಲ್ಲ.

ಇದು ನನ್ನ ಊಹೆ ಮಾತ್ರವಲ್ಲ. ಬಿಹಾರ ಸರ್ಕಾರ 2006ರಲ್ಲಿ 9ನೇ ತರಗತಿಗೆ ಸೇರುವ ಹೆಣ್ಣುಮಕ್ಕಳಿಗೆ ಸೈಕಲ್ಲಿಗಾಗಿ ಹಣ ಕೊಡುವ ಯೋಜನೆ ತಂದಿತು. ಅದರ ಪರಿಣಾಮವನ್ನು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ 2017ರಲ್ಲಿ ಪ್ರಕಟಿಸಿದರು. ಪ್ರೌಢಶಾಲೆಗೆ ಸೇರುವ ಹೆಣ್ಣುಮಕ್ಕಳ ಪ್ರಮಾಣ ಶೇ. 32ರಷ್ಟು ಹೆಚ್ಚಿತ್ತು; ಶಾಲೆ ಮೂರು ಕಿ.ಮೀ. ಅಥವಾ ಅದಕ್ಕಿಂತ ದೂರವಿದ್ದ ಹಳ್ಳಿಗಳಲ್ಲೇ ಈ ಲಾಭ ಹೆಚ್ಚಾಗಿ ಕಂಡಿತ್ತು. ಸೈಕಲ್ ಕೊಟ್ಟರೆ ಇಷ್ಟು ಮಕ್ಕಳು ಬರುತ್ತಾರೆಂದಾದರೆ, ಕೊಟ್ಟದ್ದನ್ನು ಕದ್ದರೆ ಏನಾಗುತ್ತದೆ ಎಂಬುದನ್ನು ಯಾರೂ ಲೆಕ್ಕ ಹಾಕಿದಂತೆ ಕಾಣೆ.

ತಮಿಳುನಾಡಿನಲ್ಲಿ ಉಚಿತ ಸೈಕಲ್ ಯೋಜನೆ 2001-02ರಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಹೆಣ್ಣುಮಕ್ಕಳಿಗೆಂದು ಆರಂಭವಾಗಿ, 2005-06ರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಲ್ಲ ಮಕ್ಕಳಿಗೂ ವಿಸ್ತರಿಸಿತು. ಸರ್ಕಾರದ ಕಾಗದಪತ್ರಗಳಲ್ಲಿ ಇದರ ಹೆಸರು “ವಿಲೈಯಿಲ್ಲಾ ಮಿದಿವಂಡಿ”, ಅಂದರೆ ಬೆಲೆಯಿಲ್ಲದ ಸೈಕಲ್. ಇದು ಸಿಗುವುದು 11ನೇ ತರಗತಿಗೆ ಬಂದವರಿಗೆ. ಅಣ್ಣ ಅಕ್ಕ ಓಡಿಸಿ ಬಿಟ್ಟ ಸೈಕಲ್ಲೇ ಆಮೇಲೆ ತಮ್ಮನಿಗೆ, ತಂಗಿಗೆ. ಹೀಗೆ ಒಂದು ಸೈಕಲ್ ಒಂದು ಮನೆಯ ಇಬ್ಬರು ಮೂವರನ್ನು ಶಾಲೆ ಮುಟ್ಟಿಸುತ್ತದೆ. ಬೆಲೆಯಿಲ್ಲದ್ದು ಎಂಬ ಮಾತಿನಿಂದ ಒಂದು ಅಪಾಯವೂ ಆಗಿದೆ: ಕಳೆದಾಗ “ಪುಕ್ಕಟೆ ಬಂದದ್ದು, ಪುಕ್ಕಟೆ ಹೋಯಿತು” ಎನ್ನುವವರಿದ್ದಾರೆ. ಹೀಗೆನ್ನುವವರ ಮಕ್ಕಳು ಸೈಕಲ್ಲಿನಲ್ಲಿ ಶಾಲೆಗೆ ಹೋಗುವವರಲ್ಲ ಎಂಬುದನ್ನೂ ನಾನು ಗಮನಿಸಿದ್ದೇನೆ.

ಕದ್ದ ಸೈಕಲ್ ಎಲ್ಲಿ ಹೋಗುತ್ತದೆ? ಇಡಿಯಾಗಿ ಮಾರುವುದು ಕಳ್ಳನಿಗೆ ಅಪಾಯ. ಬಿಚ್ಚಿ ಮಾರುವುದು ಸುಲಭ. ಚಕ್ರ, ಸೀಟು, ಚೈನು, ಪೆಡಲು, ಕ್ಯಾರಿಯರ್, ಸ್ಟ್ಯಾಂಡು, ಮಡ್‌ಗಾರ್ಡು ಯಾವುದರ ಮೇಲೂ ಮಾಲೀಕನ ಗುರುತಿಲ್ಲ. ನಂಬರು ಇರುವುದು ಫ್ರೇಮಿನ ಮೇಲೆ ಮಾತ್ರ. ಆ ಫ್ರೇಮನ್ನು ಬೇರೆ ಬಣ್ಣ ಬಳಿದು ಓಡಿಸುತ್ತಾರೆ, ಇಲ್ಲವೇ ಗುಜರಿಗೆ ಕಿಲೋ ಲೆಕ್ಕದಲ್ಲಿ ತೂಗಿ ಹಾಕುತ್ತಾರೆ. ನಮ್ಮ ದೊಡ್ಡ ಸೈಕಲ್‌ಗಳ ಅಳತೆ ದಶಕಗಳಿಂದ ಹೆಚ್ಚು ಬದಲಾಗಿಲ್ಲ. ಲೂಧಿಯಾನದಲ್ಲಿ ತಯಾರಾದ ಸೈಕಲ್ಲಿನ ಚಕ್ರ ಚೆನ್ನೈ ಸೈಕಲ್ಲಿಗೆ ಕೂರುತ್ತದೆ. ಯಾವ ಹಳ್ಳಿಯ ಮೂಲೆಯಲ್ಲೂ ರಿಪೇರಿಯವನು ನಮ್ಮ ಮಕ್ಕಳ ಸೈಕಲ್ಲನ್ನು ಅಗ್ಗದಲ್ಲಿ ಸರಿಮಾಡಿ ಕೊಡಲು ಆಗುವುದು ಈ ಗುಣದಿಂದಲೇ. ಕಳ್ಳನಿಗೂ ಇದೇ ಗುಣ ಅನುಕೂಲ.

ಹಳೇ ಬಿಡಿಭಾಗಗಳ ವ್ಯಾಪಾರವನ್ನೇ ನಿಲ್ಲಿಸಬೇಕೆಂದು ನಾನು ಹೇಳುವುದಿಲ್ಲ. ಹೊಸ ಚಕ್ರ ಕೊಳ್ಳಲಾಗದ ಹುಡುಗನಿಗೆ ಹಳೇ ಚಕ್ರವೇ ಗತಿ. ಬಹುಪಾಲು ರಿಪೇರಿಯವರು ಮರ್ಯಾದಸ್ಥರು. ಪಂಕ್ಚರ್ ಹಾಕಿ “ದುಡ್ಡು ನಾಳೆ ಕೊಡು, ಹೋಗು ಬೆಲ್ ಆಯ್ತು” ಎಂದು ಮಕ್ಕಳನ್ನು ಕಳಿಸುವವರು. ಕೊಳ್ಳುವಾಗ ಯಾರಿಂದ ಕೊಂಡೆ, ಯಾವತ್ತು ಕೊಂಡೆ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ ಎಂದು ನಾವು ಅವರನ್ನು ಕೇಳಬಹುದು. ಅದಕ್ಕೂ ಮೊದಲು ಕೊಳ್ಳುವ ನಾವು ಕೇಳಿಕೊಳ್ಳಬೇಕಾದದ್ದಿದೆ. ಅಂಗಡಿ ಬೆಲೆಯ ಕಾಲುಭಾಗಕ್ಕೆ ಹೊಳೆಯುವ ಚಕ್ರ ಸಿಕ್ಕಾಗ ಅದು ಯಾರ ಮನೆಯದು ಎಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸುತ್ತಾರೆ?

ಇನ್ನು ಕಾನೂನು. ಇಲ್ಲಿ ತಾವು ಸ್ವಲ್ಪ ತಾಳ್ಮೆಯಿಂದ ಓದಬೇಕು. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಿಂದೆ 379ನೇ ಕಲಮಿನ ಕಳ್ಳತನಕ್ಕೆ, ಮಾಲಿನ ಬೆಲೆ ಎಷ್ಟೇ ಇರಲಿ, ಪೊಲೀಸರು ನೇರವಾಗಿ ತನಿಖೆ ಮಾಡಬಹುದಿತ್ತು. ಹೊಸ ಸಂಹಿತೆಯ 303ನೇ ಕಲಮಿನಲ್ಲಿ ಕಳವಾದ ವಸ್ತುವಿನ ಬೆಲೆ ಐದು ಸಾವಿರ ರೂಪಾಯಿಗಿಂತ ಕಡಿಮೆಯಿದ್ದು, ಅಪರಾಧಿ ಮೊದಲ ಬಾರಿಗೆ ಸಿಕ್ಕವನಾಗಿ, ವಸ್ತುವನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ ಸಮುದಾಯ ಸೇವೆಯೇ ಶಿಕ್ಷೆ. ಈ ಉದ್ದೇಶ ಒಳ್ಳೆಯದೇ, ಅದಕ್ಕೆ ಮುಂದೆ ಬರುತ್ತೇನೆ. ತೊಂದರೆ ಇರುವುದು ಜೊತೆಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಪಟ್ಟಿಯಲ್ಲಿ. ಐದು ಸಾವಿರಕ್ಕಿಂತ ಕಡಿಮೆಯ ಈ ಬಗೆಯ ಕಳವನ್ನು ಅಲ್ಲಿ ಅಸಂಜ್ಞೇಯ ಎಂದು ಸೇರಿಸಲಾಗಿದೆ. ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಪುಸ್ತಕದಲ್ಲಿ ಬರೆದುಕೊಂಡು “ಕೋರ್ಟಿಗೆ ಹೋಗಿ” ಎನ್ನಬಹುದು. ಎರಡು ವರ್ಷ ಓಡಿದ ಮಕ್ಕಳ ಸೈಕಲ್ ಯಾವುದು ತಾನೇ ಐದು ಸಾವಿರ ಬಾಳುತ್ತದೆ? ಕಾರು, ಮೊಬೈಲು, ಬಂಗಾರ ಕಳೆದವರಿಗೆ ಠಾಣೆಯ ಬಾಗಿಲು ಮೊದಲಿನಂತೆಯೇ ಇದೆ. ಕೂಲಿಯವರ ಮಗಳ ಸೈಕಲ್ಲಿಗೆ ಮಾತ್ರ ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕು. ಒಂದು ದಿನದ ಕೂಲಿ ಬಿಟ್ಟು ಕೋರ್ಟಿಗೆ ಅಲೆಯುವ ತಂದೆ ಯಾರಿದ್ದಾರೆ ಹೇಳಿ.

ಆದರೂ ದಾರಿಯೇ ಇಲ್ಲವೆಂದಲ್ಲ. ವಾಸದ ಮನೆಯೊಳಗಿಂದ ಕದ್ದರೆ ಅದು 305ನೇ ಕಲಮಿನ ಬೇರೆ ಅಪರಾಧ. ಏಳು ವರ್ಷದವರೆಗೆ ಶಿಕ್ಷೆಯುಂಟು. ಕದ್ದ ಮಾಲೆಂದು ತಿಳಿದೋ, ಹಾಗೆ ನಂಬಲು ಕಾರಣವಿದ್ದೋ ಕೊಳ್ಳುವುದು 317ನೇ ಕಲಮಿನ ಅಪರಾಧ. ಮೂರು ವರ್ಷದವರೆಗೆ ಶಿಕ್ಷೆ. ಅದನ್ನೇ ಕಸುಬು ಮಾಡಿಕೊಂಡವನಿಗೆ ಹತ್ತು ವರ್ಷ ಅಥವಾ ಜೀವಾವಧಿಯವರೆಗೂ ಆಗಬಹುದು. ಕೊಳ್ಳುವವನ ಈ ಅಪರಾಧಕ್ಕೆ ಐದು ಸಾವಿರದ ಅಡ್ಡಗೋಡೆ ಇಲ್ಲ, ಪೊಲೀಸರು ನೇರವಾಗಿ ತನಿಖೆ ಮಾಡಬಹುದು. ಸಂಜ್ಞೇಯ ಅಪರಾಧದ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು ಎಂದು 173ನೇ ಕಲಂ ಹೇಳುತ್ತದೆ. ಗಡಿಯವರಾದ ನಮಗೆ ಇದು ಬಹಳ ಮುಖ್ಯ. ಹೊಸೂರಿನಲ್ಲಿ ಹೋದ ಸೈಕಲ್ ಅತ್ತಿಬೆಲೆಯಲ್ಲೋ ಆನೇಕಲ್ಲಿನಲ್ಲೋ ಕಣ್ಣಿಗೆ ಬಿದ್ದರೆ “ಅದು ಬೇರೆ ರಾಜ್ಯ, ನಮಗೆ ಬರುವುದಿಲ್ಲ” ಎಂಬ ಮಾತನ್ನು ತಾವು ಒಪ್ಪಿಕೊಳ್ಳಬೇಕಾಗಿಲ್ಲ.

ಭಾಷೆಯ ಮಾತು ಇಲ್ಲೇ ಬರುತ್ತದೆ. ನಮ್ಮ ಕಡೆಯ ಒಬ್ಬ ಪೋಷಕರು ಮಗಳ ಸೈಕಲ್ ಕಳವಾದಾಗ ಠಾಣೆಗೆ ಹೋದರು. ಅವರು ತಮಿಳು ಚೆನ್ನಾಗಿ ಆಡುತ್ತಾರೆ, ಓದಲು ಬರುವುದಿಲ್ಲ. ಹೇಳಿದ್ದನ್ನು ಅಲ್ಲಿದ್ದವರು ತಮಿಳಿನಲ್ಲಿ ಬರೆದು ಸಹಿ ಹಾಕಿಸಿಕೊಂಡರು. ಪ್ರತಿಯನ್ನು ನನಗೆ ತಂದು ತೋರಿಸಿದಾಗ ಅದರಲ್ಲಿ ಕಳವು ಎಂಬ ಮಾತೇ ಇರಲಿಲ್ಲ. “ಕಾಣಾಮಲ್ ಪೋನದು” ಎಂದಿತ್ತು. ಕಾಣೆಯಾದ ವಸ್ತುವಿಗೆ ಕಳ್ಳನೇ ಇರುವುದಿಲ್ಲವಲ್ಲ! ಸಂವಿಧಾನದ 350ನೇ ವಿಧಿಯಂತೆ ಯಾವುದೇ ವ್ಯಕ್ತಿ ತನ್ನ ಅಹವಾಲನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಸಲ್ಲಿಸಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದು ಅದು ಹೇಳುವುದಿಲ್ಲ, ನಿಜ. ಆದರೂ ಕನ್ನಡದಲ್ಲಿ ಬರೆದ ಒಂದು ಅರ್ಜಿ, ಜೊತೆಗೆ ಅದರ ತಮಿಳು ಪ್ರತಿ, ಎರಡೂ ಕಡತದಲ್ಲಿದ್ದರೆ ಯಾರೂ ಮಾತು ತಿರುಚಲಾರರು. ಹಾಗೆ ಬರೆದುಕೊಡುವುದು ಶಿಕ್ಷಕರಾದ ನಮಗೆ ಅರ್ಧ ಗಂಟೆಯ ಕೆಲಸ. ಕಾಸರಗೋಡಿನಲ್ಲಿ ಮಲಯಾಳ, ಜತ್ತದಲ್ಲಿ ಮರಾಠಿ, ರಾಯದುರ್ಗದಲ್ಲಿ ತೆಲುಗು ಎಂದು ಬದಲಿಸಿಕೊಂಡರಾಯಿತು.

ಅರ್ಜಿಯಲ್ಲಿ ಫ್ರೇಮ್ ನಂಬರ್ ಇಲ್ಲದಿದ್ದರೆ ಮಾತ್ರ ಅದು ಬರಿಯ ಕಾಗದ. “ಕಪ್ಪು ಸೈಕಲ್, ಹಿಂದೆ ಕ್ಯಾರಿಯರ್ ಇತ್ತು” ಎಂದರೆ ಸಾವಿರ ಸೈಕಲ್ಲಿಗೆ ಹೊಂದುತ್ತದೆ. ನಮ್ಮ ತಂದೆಯವರ ಕಾಲದಲ್ಲಿ ಪುರಸಭೆಗಳು ಸೈಕಲ್ಲಿಗೆ ವರ್ಷದ ತೆರಿಗೆ ಪಡೆದು ನಂಬರಿನ ಬಿಲ್ಲೆ ಕೊಡುತ್ತಿದ್ದವು. ಜನ ಅದನ್ನು ಬೈದುಕೊಂಡೇ ಕಟ್ಟುತ್ತಿದ್ದರಂತೆ. ತೆರಿಗೆ ಹೋದದ್ದು ಸಂತೋಷವೇ, ಆದರೆ ಅದರ ಜೊತೆಗೆ ಸೈಕಲ್ಲಿನ ಲೆಕ್ಕವೂ ಹೋಯಿತು. ಜಪಾನಿನಲ್ಲಿ 1994ರಿಂದ ಸೈಕಲ್ ನೋಂದಣಿ ಕಾನೂನಿನಂತೆ ಕಡ್ಡಾಯ. ನಮ್ಮ ಸರ್ಕಾರಗಳು ಅಷ್ಟು ಮಾಡುವವರೆಗೆ ಕಾಯಬೇಕಾಗಿಲ್ಲ, ಶಾಲೆಯೇ ಮಾಡಬಹುದು.

ಕೊನೆಯದಾಗಿ, ಕದಿಯುವವರ ಬಗ್ಗೆ. ಶಾಲೆಯ ಸೈಕಲ್ ಸ್ಟ್ಯಾಂಡಿನಲ್ಲಿ ನಡೆಯುವುದೇ ಬೇರೆ. ಒಬ್ಬನ ಬೆಲ್ಲು ಹೋಗುತ್ತದೆ. ಮನೆಯಲ್ಲಿ ಹೇಳಿದರೆ ಏಟು ಬೀಳುತ್ತದೆಂದು ಅವನು ಇನ್ನೊಬ್ಬನದನ್ನು ಕೀಳುತ್ತಾನೆ. ಆ ಇನ್ನೊಬ್ಬ ಮೂರನೆಯವನ ಸೀಟಿಗೆ ಕೈ ಹಾಕುತ್ತಾನೆ. ವಾರ ಕಳೆಯುವುದರೊಳಗೆ ಅರ್ಧ ತರಗತಿ ಒಬ್ಬರದೊಬ್ಬರ ಸಾಮಾನು ಹಾಕಿಕೊಂಡು ಓಡಾಡುತ್ತಿರುತ್ತದೆ. ಮೊದಲ ಬೆಲ್ಲನ್ನು ತೆಗೆದವನು ಯಾರೆಂದು ದೇವರಿಗೇ ಗೊತ್ತು! ಇದನ್ನು ಬೆತ್ತದಿಂದ ಬಿಡಿಸಲು ಆಗುವುದಿಲ್ಲ. ಒಂದು ಸಂಜೆ ಎಲ್ಲರನ್ನೂ ನಿಲ್ಲಿಸಿ, ಹೆಸರು ಕೇಳದೆ, ಅವರವರದನ್ನು ಅವರವರಿಗೆ ಹಾಕಿಕೊಡಿ ಎಂದರೆ ಹಾಕಿಕೊಡುತ್ತಾರೆ, ನಾನು ಕಂಡಿದ್ದೇನೆ. ಆದರೆ ಇದೇ ಹುಡುಗರಲ್ಲಿ ಒಬ್ಬನಿಗೆ ಹೊರಗಿನವನೊಬ್ಬ “ಚಕ್ರ ತಂದುಕೊಡು, ನೂರು ರೂಪಾಯಿ ಕೊಡುತ್ತೇನೆ” ಎಂದ ದಿನ ಆಟ ಕಸುಬಾಗುತ್ತದೆ. ಹಿಡಿಯಬೇಕಾದದ್ದು ಆ ನೂರು ರೂಪಾಯಿಯವನನ್ನು. ಊರವರು ಹಿಡಿಯುವುದು ಹುಡುಗನನ್ನು, ಕಂಬಕ್ಕೆ ಕಟ್ಟಿ ಹೊಡೆಯುವುದೂ ಅವನನ್ನೇ. ಹದಿನೆಂಟು ತುಂಬದವನನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು ಎಂದು 2015ರ ಕಾಯ್ದೆ ಹೇಳುತ್ತದೆ. ವಸ್ತು ಹಿಂತಿರುಗಿಸಿದವನಿಗೆ ಜೈಲು ಬೇಡ ಎಂಬ ಹೊಸ ಸಂಹಿತೆಯ ಮಾತನ್ನು ನಾನು ಒಳ್ಳೆಯದೆಂದದ್ದು ಈ ಕಾರಣಕ್ಕೆ. ತನಿಖೆ ಬೇಡ ಎಂಬುದು ಅದರಿಂದ ಹೊರಡುವ ತೀರ್ಮಾನವಲ್ಲ. ಸಂಜ್ಞೇಯತೆಯ ಪಟ್ಟಿಯನ್ನು ತಿದ್ದಬೇಕೆಂದು ನಮ್ಮ ಸಂಘಗಳು ತಮ್ಮ ತಮ್ಮ ಸಂಸದರಿಗೆ ಬರೆಯಬೇಕು. ನಾವು ಸಾಮಾನ್ಯವಾಗಿ ಬರೆಯುವ ಮನವಿಗಳಿಗಿಂತ ಇದು ಚಿಕ್ಕದು, ಒಂದೇ ಹಾಳೆ ಸಾಕು.

ಅಷ್ಟರೊಳಗೆ ಶಿಕ್ಷಕ ಮಿತ್ರರು ಒಂದು ನೂರು ಪುಟದ ನೋಟುಪುಸ್ತಕ ತೆಗೆದುಕೊಳ್ಳಿ. ವಿತರಣೆಯ ದಿನ ಫೋಟೋ, ಭಾಷಣ ಮುಗಿದ ಮೇಲೆ ಮಕ್ಕಳನ್ನು ಮನೆಗೆ ಬಿಡುವ ಮುನ್ನ ಒಬ್ಬೊಬ್ಬರ ಸೈಕಲ್ಲನ್ನೂ ನೋಡಿ. ನಂಬರು ಸಾಮಾನ್ಯವಾಗಿ ಸೀಟಿನ ಕೆಳಗಿನ ಕೊಳವೆಯ ಮೇಲೋ, ಪೆಡಲಿನ ಅಚ್ಚು ಹಾದುಹೋಗುವ ಕಡೆ ಅಡಿಯಲ್ಲೋ ಕೆತ್ತಿರುತ್ತದೆ. ಹಳೇ ಸೈಕಲ್ಲಾದರೆ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದರೆ ಕಾಣುತ್ತದೆ. ಮಗುವಿನ ಹೆಸರು, ತರಗತಿ, ಊರು, ನಂಬರು ಬರೆದುಕೊಂಡು ಪೋಷಕರಿಗೂ ಒಂದು ಚೀಟಿ ಕೊಡಿ. ಅಣ್ಣನಿಂದ ತಂಗಿಗೆ ಹೋದಾಗ ಹೆಸರು ತಿದ್ದಿಕೊಳ್ಳಿ. ಪುಸ್ತಕವನ್ನು ದಾಖಲಾತಿ ರಿಜಿಸ್ಟರಿನ ಜೊತೆಯಲ್ಲೇ ಬೀರುವಿನಲ್ಲಿ ಇಡಿ.