ಗಾಯಗೊಂಡ ಹಕ್ಕಿಯೂ ನಮ್ಮ ದಯೆಯೂ

ಅಂಗಳದಲ್ಲಿ ಹಕ್ಕಿಯೊಂದು ಗಾಯಗೊಂಡು ಬಿದ್ದಿತೆಂದರೆ ಮನೆಮಂದಿಯೆಲ್ಲ ಓಡಿಬರುವರು. ಒಬ್ಬರು ನೀರು ತರುವರು, ಒಬ್ಬರು ಹಾಲು ತರುವರು, ಮತ್ತೊಬ್ಬರು ಅನ್ನದ ಅಗುಳನ್ನು ಅದರ ಕೊಕ್ಕಿನೊಳಗೆ ತುರುಕುವರು. ಮರುದಿನ ಬೆಳಗಾಗುವುದರೊಳಗೆ ಹಕ್ಕಿಯು ಸತ್ತಿರುವುದು. ‘ಅದರ ಆಯುಷ್ಯವೇ ಅಷ್ಟು’ ಎಂದು ಹಿರಿಯರು ಸಮಾಧಾನ ಹೇಳುವರು. ಆದರೆ ಅನೇಕ ವೇಳೆ ಅದನ್ನು ಕೊಂದುದು ಗಾಯವಲ್ಲ, ನಮ್ಮ ಉಪಚಾರವೇ ಎಂಬ ಮಾತನ್ನು ವಾಚಕರ ಮುಂದಿಡಬೇಕೆಂದು ಈ ತಿಂಗಳು ಮನಸ್ಸು ಮಾಡಿರುವೆನು.

ಅನ್ಯರನ್ನು ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಬಸವನ ಬಾಗೇವಾಡಿಯ ನಮ್ಮ ಮನೆಯ ಹಿತ್ತಲಲ್ಲಿ, ನಾನಿನ್ನೂ ಹುಡುಗನಾಗಿದ್ದಾಗ, ಬೆಕ್ಕಿನ ಬಾಯಿಂದ ಬಿಡಿಸಿದ ಒಂದು ಬೆಳವನ ಹಕ್ಕಿಗೆ ನಾನೇ ಕೊಕ್ಕು ತೆರೆದು ಚಮಚದಿಂದ ನೀರು ಹೊಯ್ದೆನು. ಅದು ಎರಡು ಸಲ ಕತ್ತು ಕೊಡವಿ ನನ್ನ ಅಂಗೈಯಲ್ಲಿಯೇ ಪ್ರಾಣ ಬಿಟ್ಟಿತು. ಕಾರಣವು ತಿಳಿದುದು ಬಹು ವರ್ಷಗಳ ಮೇಲೆ. ಹಕ್ಕಿಯ ಶ್ವಾಸನಾಳದ ಬಾಯಿಯು ನಾಲಗೆಯ ಬುಡದಲ್ಲಿಯೇ ಇರುವುದರಿಂದ, ಬಲವಂತವಾಗಿ ಹೊಯ್ದ ನೀರು ಹೊಟ್ಟೆಗೆ ಹೋಗದೆ ಉಸಿರಿನ ದಾರಿಯಲ್ಲಿ ಇಳಿದುಬಿಡುವುದುಂಟು. ಹಾಲಂತೂ ಹಕ್ಕಿಗಳ ಆಹಾರವೇ ಅಲ್ಲ. ಅದರಲ್ಲಿಯ ಸಕ್ಕರೆಯನ್ನು ಅರಗಿಸುವ ಶಕ್ತಿಯು ಅವುಗಳಿಗಿಲ್ಲ. ಬೆಕ್ಕಿನ ಹಲ್ಲು ತಾಕಿದ ಹಕ್ಕಿಗೆ, ಗಾಯವು ಎಷ್ಟೇ ಸಣ್ಣದಾಗಿ ಕಂಡರೂ, ನಂಜು ಏರದಂತೆ ಔಷಧ ಬೇಕೇ ಬೇಕು. ಇದೊಂದೂ ನನಗೆ ಗೊತ್ತಿರಲಿಲ್ಲ. ದಯೆಯಿತ್ತು, ತಿಳಿವಳಿಕೆಯಿರಲಿಲ್ಲ.

ಆ ತಪ್ಪನ್ನು ತಿದ್ದಿಕೊಳ್ಳುವ ಪ್ರಸಂಗವು ಹೋದ ಮುಂಗಾರಿನಲ್ಲಿ ಒದಗಿತು. ಗಾಳಿ ಎದ್ದ ದಿನಗಳಲ್ಲಿ ಹುಡುಗರು ಹಾರಿಸಿದ ಗಾಳಿಪಟದ ನೈಲಾನ್ ದಾರವೊಂದು ನಮ್ಮ ಓಣಿಯ ಬೇವಿನ ಮರದಲ್ಲಿ ಸಿಕ್ಕು ಉಳಿದಿತ್ತು. ಒಂದು ಬೆಳಗಿನಲ್ಲಿ ನೋಡಿದರೆ ಬಿಳಿಯ ಮೋರೆಯ ಕಣಜಗೂಬೆಯೊಂದು ಆ ದಾರಕ್ಕೆ ರೆಕ್ಕೆ ಸಿಲುಕಿ ತಲೆಕೆಳಗಾಗಿ ತೂಗುತ್ತಿತ್ತು. ಕಾಗೆಗಳು ಮುತ್ತಿ ಕುಕ್ಕುತ್ತಿದ್ದವು. ನಾನು ಏಣಿ ತರಲು ಹೊರಟೊಡನೆ ನಮ್ಮ ತಾಯಿಯು ಬಾಗಿಲಲ್ಲಿ ನಿಂತು, “ಗೂಗಿ ಮನಿಯೊಳಗ ತರಬ್ಯಾಡೋ ತಮ್ಮಾ, ಮನಿಗೆ ಛಲೋ ಅಲ್ಲ” ಎಂದರು. “ನಮ್ಮ ಜ್ವಾಳ ತಿನ್ನೂ ಇಲಿ ಹಿಡಿಯೂದು ಇದೇ ಅಲ್ಲೇನವ್ವಾ?” ಎಂದೆನು. ಅವರು ಮರುಮಾತಾಡಲಿಲ್ಲ. ಕೆಲ ಹೊತ್ತಿನಲ್ಲಿ ತಮ್ಮ ಹಳೆಯ ಇಳಕಲ್ ಸೀರೆಯ ತುಂಡನ್ನು ತಂದು ನನ್ನ ಹೆಗಲ ಮೇಲೆ ಹಾಕಿದರು.

ಇಂಥ ವೇಳೆಯಲ್ಲಿ ಮಾಡತಕ್ಕದ್ದು ಬಹು ಸ್ವಲ್ಪ, ಮಾಡಬಾರದುದೇ ಹೆಚ್ಚು. ಮಾಂಸ ತಿನ್ನುವ ಹಕ್ಕಿಯ ಆಯುಧವು ಅದರ ಉಗುರು. ಆದುದರಿಂದ ಮೊದಲು ಬಟ್ಟೆಯನ್ನು ತಲೆಯ ಮೇಲೆ ಹೊದಿಸಿ, ರೆಕ್ಕೆಗಳನ್ನು ಮೈಗೆ ಒತ್ತಿ, ಕಾಲುಗಳನ್ನು ಭದ್ರವಾಗಿ ಹಿಡಿಯಬೇಕು. ಕತ್ತಲಾದೊಡನೆ ಹಕ್ಕಿಯು ಶಾಂತವಾಗುವುದು. ಮಾಂಸದೊಳಗೆ ಹೊಕ್ಕ ದಾರವನ್ನು ಎಳೆಯಕೂಡದು. ಮರದ ಕಡೆಯಿಂದ ಕತ್ತರಿಸಿ, ಉಳಿದುದನ್ನು ವೈದ್ಯರಿಗೆ ಬಿಡಬೇಕು. ಬಳಿಕ ತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಅದರೊಳಗಿಟ್ಟು ಮುಚ್ಚಿ, ಸದ್ದುಗದ್ದಲವಿಲ್ಲದ ಕೋಣೆಯಲ್ಲಿಡಬೇಕು. ಮಕ್ಕಳು ಮತ್ತೆ ಮತ್ತೆ ಇಣಿಕಿ ನೋಡಬಾರದು. ನಮ್ಮ ಪ್ರೀತಿಯ ನೋಟವು ಅದರ ಕಣ್ಣಿಗೆ ಬೇಟೆಗಾರನ ನೋಟ. ಬರಿಯ ಭಯದಿಂದಲೇ ಹಕ್ಕಿಗಳು ಸಾಯುವುದುಂಟು. ಅನ್ನವೂ ಬೇಡ, ನೀರೂ ಬೇಡ. ಕೂಡಲೇ ಅರಣ್ಯ ಇಲಾಖೆಯ 1926 ಎಂಬ ಸಹಾಯವಾಣಿಗೆ ದೂರವಾಣಿ ಮಾಡಬೇಕು, ಇಲ್ಲವೆ ಸಮೀಪದ ಪಶುವೈದ್ಯರಲ್ಲಿಗೆ ಒಯ್ಯಬೇಕು. ನಾವು ಮಾಡಿದುದೂ ಇಷ್ಟೇ.

ಪರೀಕ್ಷಿಸಲಾಗಿ, ಹೆಗಲಿನಿಂದ ಮಣಿಕಟ್ಟಿನವರೆಗೆ ಚಾಚಿದ ತೆಳುಚರ್ಮದ ಮಡಿಕೆಯು ಸೀಳಿದ್ದಿತು, ಎಲುಬು ಮುರಿದಿರಲಿಲ್ಲ. ಹಕ್ಕಿಗೆ ಈ ಮಡಿಕೆಯೇ ಹಾರಾಟದ ಹಾಯಿ. ಎಲುಬು ಮುರಿದಿದ್ದರೆ ಕೆಲಸವು ಇನ್ನೂ ತುರ್ತಿನದಾಗುತ್ತಿತ್ತು; ಏಕೆಂದರೆ ಹಕ್ಕಿಯ ಎಲುಬು ಸುಮಾರು 3 ವಾರಗಳಲ್ಲಿಯೇ ಕೂಡಿಕೊಳ್ಳುವುದು. ನಾವು ನಾಲ್ಕು ದಿನ ಅರಿಸಿಣ ಹಚ್ಚುತ್ತ ಕುಳಿತರೆ ಅದು ಸೊಟ್ಟಾಗಿ ಕೂಡಿಕೊಂಡು ಜನ್ಮಕ್ಕೆ ಹಾರದಂತಾಗುವುದು.

ಹೊಲಿಗೆ ಹಾಕಿದ ಮೇಲೆ ಆರೈಕೆಯೂ ಒಂದು ಶಾಸ್ತ್ರವೇ. ಗೂಬೆಗೆ ಬರಿಯ ಮಾಂಸದ ತುಂಡು ಸಾಲದು. ಅದು ಇಲಿಯನ್ನು ಇಡಿಯಾಗಿ ನುಂಗಿ, ಕೂದಲನ್ನೂ ಅರಗದ ಎಲುಬನ್ನೂ ಉಂಡೆ ಮಾಡಿ ಉಗುಳುವ ಪ್ರಾಣಿ; ಎಲುಬಿನ ಸುಣ್ಣದಂಶವು ದೊರೆಯದಿದ್ದರೆ ಅದರ ಎಲುಬೇ ಸೊರಗುವುದು. ಆರೈಕೆ ಮಾಡುವವರು ಅದರೊಡನೆ ಮಾತಾಡಬಾರದು, ಮೈದಡವಬಾರದು. ಮೊಟ್ಟೆಯೊಡೆದ ಹೆಬ್ಬಾತಿನ ಮರಿಗಳು ಮೊದಲು ಕಂಡ ಮನುಷ್ಯನನ್ನೇ ತಾಯಿಯೆಂದು ಬಗೆದು ಹಿಂಬಾಲಿಸುವುದನ್ನು ಆಸ್ಟ್ರಿಯಾದ ಕೊನ್ರಾಡ್ ಲೊರೆಂಜ್ ಎಂಬ ವಿಜ್ಞಾನಿಯು 1935ರಲ್ಲಿ ವಿವರಿಸಿ ಬರೆದನು. ಮನುಷ್ಯನಿಗೆ ಒಗ್ಗಿದ ಮರಿಯು ತನ್ನ ಕುಲವನ್ನು ಮರೆತು, ಮುಂದೆ ಕಾಡಿನಲ್ಲಿ ಬಾಳಲಾರದು.

ಗರಿ ಮುರಿದ ಹಕ್ಕಿಗೂ ಒಂದು ಉಪಾಯವುಂಟು. ಎರಡನೆಯ ಇಬ್ರಾಹಿಂ ಆದಿಲಶಹನು ಕುದುರೆಯೇರಿ ಡೇಗೆಯೊಡನೆ ಬೇಟೆಗೆ ಹೊರಟ ಚಿತ್ರವು ಪ್ರಸಿದ್ಧವಾದುದು. ನಮ್ಮ ವಿಜಯಪುರದ ಸೀಮೆಗೆ ಡೇಗೆಬೇಟೆಯು ಹೊಸದಲ್ಲ. ಮುರಿದ ಗರಿಯ ಬುಡದೊಳಗೆ ಸಣ್ಣ ಕಡ್ಡಿಯನ್ನು ಸೇರಿಸಿ, ಹಿಂದೆ ಉದುರಿದ ಗರಿಯೊಂದನ್ನು ಅದಕ್ಕೆ ಅಂಟಿಸುವ ವಿದ್ಯೆಯನ್ನು ಲೋಕದ ಡೇಗೆಗಾರರು ಶತಮಾನಗಳಿಂದ ಬಲ್ಲರು. ಅಂದು ಕೊಲ್ಲುವ ಆಟಕ್ಕೆ ನೆರವಾದ ಆ ಕೈಚಳಕವೇ ಇಂದು ಹಕ್ಕಿಯನ್ನು ಬಾನಿಗೆ ಮರಳಿಸುವುದಕ್ಕೆ ಬಳಕೆಯಾಗುತ್ತಿರುವುದು. ಬೆಂಗಳೂರಿನ ಕೆಂಗೇರಿಯ ಬಳಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯವರು ಗಾಯಗೊಂಡ ವನ್ಯಜೀವಿಗಳಿಗಾಗಿಯೇ ಆಸ್ಪತ್ರೆಯನ್ನು ನಡೆಸುತ್ತಿರುವರು. ದೆಹಲಿಯಲ್ಲಿ ನದೀಮ್ ಶಹಜಾದ್, ಮೊಹಮ್ಮದ್ ಸೌದ್ ಎಂಬ ಸೋದರರು ದಾರಕ್ಕೆ ಸಿಲುಕಿದ ಹದ್ದುಗಳ ಶುಶ್ರೂಷೆಗೆ ತಮ್ಮ ಮನೆಯನ್ನೇ ಮೀಸಲಿಟ್ಟ ಕಥೆಯು 2022ರಲ್ಲಿ ಚಲನಚಿತ್ರವಾಗಿ ಲೋಕಕ್ಕೆಲ್ಲ ತಿಳಿಯಿತು.

ನಮ್ಮ ಗೂಬೆಯು 26ನೆಯ ದಿನಕ್ಕೆ ಹಾರಬಲ್ಲುದಾಯಿತು. ಬಲಿಯದ ರೆಕ್ಕೆಯ ಹಕ್ಕಿಯನ್ನು ಬಿಟ್ಟರೆ ಹಸಿವೆಗೆ ಒಪ್ಪಿಸಿದಂತೆಯೇ ಸರಿ; ಆದುದರಿಂದ ಮೊದಲು ದೊಡ್ಡ ಕೋಣೆಯಲ್ಲಿ ಹಾರಿಸಿ ನೋಡಿದ್ದರು. ಬಿಡುವುದಕ್ಕೆ ಅದು ದೊರೆತ ಸ್ಥಳವೇ ಉತ್ತಮ, ಗೂಬೆಗೆ ಮುಸ್ಸಂಜೆಯೇ ಹೊತ್ತು. ಓಣಿಯ ಮಂದಿಯೆಲ್ಲ ದೂರ ನಿಂತೆವು. ಪೆಟ್ಟಿಗೆ ತೆರೆದರು. ಅದು ಕ್ಷಣಕಾಲ ಕುಳಿತು, ಸಪ್ಪಳವಿಲ್ಲದೆ ಎದ್ದು, ಬೇವಿನ ಮರವನ್ನು ದಾಟಿ ಹೊಲಗಳ ಕಡೆಗೆ ಹೋಯಿತು. “ಅಪ್ಪಾ, ಅದಕ್ಕ ನಮ್ಮ ನೆನಪ ಇರತದೇನು?” ಎಂದು ಮಗಳು ಕೇಳಿದಳು. ಇರದಿದ್ದರೇ ಒಳಿತೆಂದು ಹೇಳಿದೆನು. ಅವಳಿಗೆ ಅಳು ಬಂದಿತು. ನನಗೂ ಗಂಟಲು ಕಟ್ಟಿತು. ನಮ್ಮ ತಾಯಿಯು ಮಾತ್ರ, “ಹೋಗಲಿ ಬಿಡ್ರಿ, ಅದರ ಮನಿ ಅದಕ್ಕ” ಎಂದರು.

ವಾಚಕರಲ್ಲಿ ಇನ್ನು ಕೆಲವೇ ಬಿನ್ನಹಗಳು. ಗರಿ ಮೂಡಿದ ಮರಿಯು ನೆಲದ ಮೇಲೆ ಕುಪ್ಪಳಿಸುತ್ತಿದ್ದರೆ ಅದು ಅನಾಥವಲ್ಲ, ಹಾರಲು ಕಲಿಯುತ್ತಿರುವುದು. ಬೆಕ್ಕು ನಾಯಿಗಳನ್ನು ದೂರವಿಟ್ಟು ಸುಮ್ಮನಿರಬೇಕು. ಮೈ ಬರಿದಾದ ಮರಿಯನ್ನು ಗೂಡಿಗೇ ಇಡಬೇಕು. ಮನುಷ್ಯರು ಮುಟ್ಟಿದರೆ ತಾಯಿಯು ಬಿಡುವುದೆಂಬುದು ಸುಳ್ಳು. ನೈಲಾನ್ ಮಾಂಜಾ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2017ರಲ್ಲಿಯೇ ನಿಷೇಧಿಸಿರುವುದರಿಂದ ಮಕ್ಕಳ ಕೈಗೆ ನೂಲಿನ ದಾರವನ್ನೇ ಕೊಡಿರಿ. ಆಲಮಟ್ಟಿಯ ಹಿನ್ನೀರಿಗೆ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುವವು. ಅಲ್ಲಿ ಹರಿದ ಬಲೆ, ಗಾಳದ ದಾರಗಳನ್ನು ಎಸೆದು ಬರಬೇಡಿರಿ. ವಾಸಿಯಾದ ಹಕ್ಕಿಯನ್ನು ಪಂಜರದಲ್ಲಿಡುವುದು, ಅದು ಗಿಣಿಯೇ ಆಗಿರಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವು. ಕಾಯಿದೆಯ ಮಾತು ಹಾಗಿರಲಿ. ಹಿಡಿದಿಟ್ಟುಕೊಳ್ಳುವ ಪ್ರೀತಿಯನ್ನು ನಾವೆಲ್ಲರೂ ಬಲ್ಲೆವು, ಬಿಟ್ಟುಕೊಡುವ ಪ್ರೀತಿಯನ್ನು ಮಕ್ಕಳು ಮನೆಯಲ್ಲಿಯೇ ಕಲಿಯಬೇಕು.