ಗುಂಬದೊಳಗಣ ಸದ್ದು

ಹೋದ ಬೇಸಿಗೆಯಲ್ಲಿ ನಾವು ಅಮೆರಿಕಾದ ಓಹಾಯೋ ಪ್ರಾಂತದಲ್ಲಿರುವ ನಮ್ಮ ತಮ್ಮನ ಮಗನ ಮನೆಯಲ್ಲಿ ಎರಡು ತಿಂಗಳ ಕಾಲ ಇದ್ದುದನ್ನು ಈ ಪುಟದ ವಾಚಕರು ಬಲ್ಲರು. ಅಲ್ಲಿಯ ಸಂಗತಿಗಳಲ್ಲಿ ಒಂದನ್ನು ಮಾತ್ರ ಬರೆಯದೆ ಉಳಿಸಿಕೊಂಡಿದ್ದೆವು. ಅದರಲ್ಲಿ ನಮ್ಮ ತಪ್ಪೂ ಸೇರಿದ್ದುದೇ ಅದಕ್ಕೆ ಕಾರಣ.

ಹುಡುಗನು ಒಂದು ಹಳೆಯ ಮನೆಗಾಡಿಯನ್ನು ಕೊಂಡಿದ್ದನು. ಮನೆಗಾಡಿಯೆಂದರೆ ಮೋಟಾರು ಬಸ್ಸಿನಂಥ ಒಡಲಿನೊಳಗೆ ಮಂಚ, ಒಲೆ, ನೀರಿನ ತೊಟ್ಟಿ, ಬಚ್ಚಲು ಎಲ್ಲವನ್ನೂ ಅಡಕಮಾಡಿ, ಸಂಸಾರಸಮೇತ ಸಂಚರಿಸುವುದಕ್ಕೆ ಅನುಕೂಲಪಡಿಸಿದ ವಾಹನ. ಅಯೋವಾ ಪ್ರಾಂತದ ಫಾರೆಸ್ಟ್ ಸಿಟಿಯೆಂಬ ಊರಿನ ವಿನ್ನೆಬಾಗೊ ಕಾರ್ಖಾನೆಯವರು 1966ರಿಂದ ಇಂತಹ ಗಾಡಿಗಳನ್ನು ಮಾಡುತ್ತ ಬಂದಿರುವರು. ನಮ್ಮವನದು 1976ರಲ್ಲಿ ತಯಾರಾದದ್ದು. ಕೆಳಗಿನ ಚಾಸಿ ಡಾಡ್ಜ್ ಕಂಪೆನಿಯದು. ಹಿಂದಿನ ಒಡೆಯರು ಅದನ್ನು ಮೂರು ವರ್ಷ ಒಂದೇ ಕಡೆ ನಿಲ್ಲಿಸಿಬಿಟ್ಟಿದ್ದರಂತೆ. ಅದರಲ್ಲಿ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ನಮ್ಮನ್ನೂ ಕೂರಿಸಿಕೊಂಡು ಮಿಷಿಗನ್ ಸರೋವರದ ತೀರಕ್ಕೆ ಹೋಗಬೇಕೆಂಬುದು ಅವನ ಸಂಕಲ್ಪ.

ಹೊರಡಲು ಒಂದು ವಾರವಿರುವಾಗ ಮುಂದಿನ ಬಲಗಡೆಯ ಚಕ್ರ ಸಡಿಲವಾಗಿರುವುದು ಕಂಡುಬಂದಿತು. ಚಕ್ರವನ್ನು ನೆಲದಿಂದೆತ್ತಿ, ಅದರ ನೆತ್ತಿಯನ್ನೂ ಬುಡವನ್ನೂ ಹಿಡಿದು ಅಲುಗಾಡಿಸಿದರೆ ಟಕಟಕನೆ ಸದ್ದಾಗುತ್ತಿತ್ತು. "ದೊಡ್ಡಪ್ಪ, ನಟ್ಟನ್ನು ಬಿಗಿ ಮಾಡಿಬಿಡಲೇ?" ಎಂದು ಹುಡುಗನು ಕೇಳಿದನು. "ಬಿಗಿಯಿದ್ದಷ್ಟೂ ಕ್ಷೇಮ, ಚೆನ್ನಾಗಿ ಬಿಗಿ ಮಾಡಪ್ಪ" ಎಂದವರು ನಾವು. ಮೂವತ್ತು ವರ್ಷ ಹುಡುಗರಿಗೆ ವ್ಯಾಕರಣ ಹೇಳಿದವರ ಬಾಯಲ್ಲಿ ತಿಳಿಯದ ವಿಷಯದಲ್ಲಿಯೂ ವಿಧಿವಾಕ್ಯವೇ ಹೊರಡುವುದು! ಅವನು ಮೊಳದುದ್ದದ ಸ್ಪ್ಯಾನರು ಹಾಕಿ ಬಲವೆಲ್ಲ ಬಿಟ್ಟು ತಿರುಗಿಸಿದನು. ಅಲುಗಾಟ ನಿಂತಿತು; ಇಬ್ಬರೂ ತೃಪ್ತರಾದೆವು.

ಎರಡು ದಿನಗಳಾದ ಮೇಲೆ ಗಾಡಿಯನ್ನು ಹೆದ್ದಾರಿಯಲ್ಲಿ ಓಡಿಸಿ ನೋಡುವಾಗ, ವೇಗ ಗಂಟೆಗೆ 40 ಮೈಲಿ ಮುಟ್ಟಿದೊಡನೆ ಮುಂಭಾಗದಿಂದ ದುಂಬಿಯ ಮೊರೆತದಂತಹ ನಾದವೊಂದು ಏಳತೊಡಗಿತು. ಎಡಕ್ಕೆ ತಿರುಗಿದಾಗ ಹೆಚ್ಚು, ಬಲಕ್ಕೆ ತಿರುಗಿದಾಗ ಕಡಿಮೆ. ಹುಡುಗನು ಅದು ಟೈರಿನ ಸದ್ದೆಂದು ವಾದಿಸಿದನು. ಸೊಸೆ ಮಾತ್ರ, "ಅದೇನೆಂದು ಗೊತ್ತಾಗುವ ತನಕ ಮಕ್ಕಳನ್ನು ಇದರಲ್ಲಿ ಕೂರಿಸುವುದಿಲ್ಲ, ಮಾವ" ಎಂದು ನಮ್ಮ ಕಡೆ ತಿರುಗಿ ಹೇಳಿದಳು. ಆ ಮನೆಯಲ್ಲಿ ವಿವೇಕವುಳ್ಳವಳು ಅವಳೊಬ್ಬಳೇ ಎಂದು ಈಗ ತೋರುವುದು.

ನೆರೆಮನೆಯಲ್ಲಿ ಲಾರಿಗಳ ರಿಪೇರಿಯಲ್ಲಿಯೇ ಆಯುಷ್ಯ ಕಳೆದ ವೃದ್ಧರೊಬ್ಬರಿದ್ದರು. ಅವರು ಬಂದು ಸಂಗತಿಯನ್ನು ಕೇಳಿ, "ಎಡಕ್ಕೆ ತಿರುಗುವಾಗ ಭಾರವೆಲ್ಲ ಬಲಗಡೆಯ ಚಕ್ರಕ್ಕೆ ಬೀಳುವುದು. ಆಗ ಕೂಗುವುದಾದರೆ ನೋವು ಅಲ್ಲಿಯೇ ಇರಬೇಕು" ಎಂದರು. ಆಮೇಲೆ, "ನಟ್ಟು ಬಿಗಿ ಮಾಡಿದವರು ಯಾರು?" ಎಂದು ಕೇಳಿದರು. ಹುಡುಗನು ನೆಲ ನೋಡಿದನು. ನಾವೇ ಒಪ್ಪಿಕೊಂಡೆವು.

ಹಿಂದಿನ ಗಾಲಿಗಳಿಗೆ ಅಡ್ಡಗಟ್ಟೆ ಕೊಟ್ಟು, ಜಾಕಿನಿಂದೆತ್ತಿ, ಗಾಡಿಯ ಭಾರವನ್ನು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಇಳಿಸಿದರು. ಬರಿಯ ಜಾಕನ್ನು ನಂಬಿ ಅಷ್ಟು ಭಾರದ ಗಾಡಿಯ ಕೆಳಗೆ ಯಾರೂ ಕೈ ಹಾಕತಕ್ಕದ್ದಲ್ಲ. ಮೊದಲು ಎಡಗಡೆಯ ಚಕ್ರವನ್ನು ಅಲುಗಾಡಿಸುತ್ತ ಹುಡುಗನಿಂದ ಬ್ರೇಕನ್ನು ಒತ್ತಿಸಿದರು. ಬ್ರೇಕು ಒತ್ತಿದಾಗ ಅಲುಗಾಟ ನಿಂತರೆ ದೋಷ ಬೇರಿಂಗಿನದು. ನಿಲ್ಲದಿದ್ದರೆ ಚಕ್ರ ಹೊರಳುವ ಕೀಲುಗಳದು. ಈ ಪರೀಕ್ಷೆಯನ್ನು ಯಾವ ಗೃಹಸ್ಥನೂ ಮಾಡಬಹುದು. ನಾವು ಮೊದಲೇ ಇಷ್ಟನ್ನೂ ಮಾಡಿರಲಿಲ್ಲ.

ಬಲಗಡೆಯದನ್ನು ಬಿಚ್ಚಿದರು. ಬ್ರೇಕಿನ ಕ್ಯಾಲಿಪರನ್ನು ಅದರ ರಬ್ಬರು ಕೊಳವೆಯ ಮೇಲೆ ಜೋತುಬಿಡದೆ ತಂತಿಯಿಂದ ಮೇಲಕ್ಕೆ ಕಟ್ಟಿ, ಗುಂಬದ ತಗಡಿನ ಟೋಪಿ, ಸ್ಪ್ಲಿಟ್ ಪಿನ್ನು, ನಟ್ಟು, ವಾಷರುಗಳನ್ನು ಒಂದೊಂದಾಗಿ ತೆಗೆದು ಕಾಗದದ ಮೇಲೆ ಸಾಲಾಗಿಟ್ಟರು. ಒಳಗಿನ ಗ್ರೀಸು ಡಾಂಬರಿನಂತೆ ಕರ್ರಗಾಗಿದ್ದಿತು.

ಗುಂಬದಲ್ಲಿ ಹೊರಗೊಂದು, ಒಳಗೊಂದು, ಹೀಗೆ ಎರಡು ಬೇರಿಂಗುಗಳಿರುವುವು. ಒಂದು ಕಡೆ ಸಣ್ಣಗಾಗುತ್ತ ಹೋಗುವ ಉಕ್ಕಿನ ಉರುಳೆಗಳ ಸಾಲು ಬಟ್ಟಲಿನಂಥ ಬಳೆಯೊಳಗೆ ಕುಳಿತು ಸುತ್ತುವುದು. ಅದರಿಂದ ಗಾಡಿಯ ಭಾರವನ್ನೂ ತಿರುವಿನಲ್ಲಿ ಬರುವ ಪಕ್ಕದ ಒತ್ತಡವನ್ನೂ ಒಂದೇ ಸಾಧನ ಹೊರಬಲ್ಲುದು. ಇದಕ್ಕೆ 1898ರಲ್ಲಿ ಹಕ್ಕುಪತ್ರ ಪಡೆದ ಹೆನ್ರಿ ಟಿಮ್ಕನ್ ಕುದುರೆಗಾಡಿಗಳನ್ನು ಮಾಡುತ್ತಿದ್ದವನು. ಅವನ ಕಾರ್ಖಾನೆ ಕೆಲವೇ ವರ್ಷಗಳಲ್ಲಿ ಇದೇ ಓಹಾಯೋದ ಕ್ಯಾಂಟನ್ ಎಂಬ ಊರಿಗೆ ಬಂದು ನೆಲೆಸಿತು. ನಮ್ಮ ಊರಿನ ಲಾರಿಗಳ ಗುಂಬದಲ್ಲಿಯೂ ಇದೇ ಜಾತಿಯ ಉರುಳೆಗಳಿರುವುವು.

ವೃದ್ಧರು ಬೇರಿಂಗನ್ನು ಸೀಮೆಯೆಣ್ಣೆಯಲ್ಲಿ ತೊಳೆದು, ಒಣಗಿಸಿ, ದೀಪದ ಬಳಿ ಹಿಡಿದು ತೋರಿಸಿದರು. ಬಟ್ಟಲಿನ ಕೆಳಭಾಗದಲ್ಲಿ ಉರುಳೆಗಳ ಅಂತರಕ್ಕೆ ಸರಿಯಾಗಿ ಸಣ್ಣ ಸಣ್ಣ ಕಪ್ಪು ಗೆರೆಗಳಿದ್ದುವು. ಮೂರು ವರ್ಷ ನಿಂತಲ್ಲಿಯೇ ನಿಂತಾಗ ಒಳಗಿನ ತೇವ ಉಕ್ಕನ್ನು ತಿಂದ ಗುರುತು ಅದು. ಹಳೆಯ ಮನೆಗಾಡಿಗಳಿಗೆ ಓಟಕ್ಕಿಂತ ನಿಲುಗಡೆಯೇ ಹೆಚ್ಚು ಕೇಡೆಂದು ಅವರು ಹೇಳಿದರು. ಆದರೆ ಹೊರಗಿನ ಉರುಳೆಗಳ ಮೇಲಿದ್ದ ನೀಲಿಯ ಬಣ್ಣ ತೇವದ್ದಲ್ಲ, ಕಾವಿನದು; ನಮ್ಮ ಬಿಗಿತದ ಫಲ. ಬಿಗಿ ಮಿತಿ ಮೀರಿದರೆ ಉರುಳೆ ಕಾಯುವುದು, ಗ್ರೀಸು ಕರಗಿ ಹರಿದುಹೋಗುವುದು, ಉಕ್ಕಿಗೆ ಉಕ್ಕು ಕಚ್ಚುವುದು. ಕಡೆಗೆ ಓಡುವ ಗಾಡಿಯಿಂದ ಚಕ್ರವೇ ಕಳಚಿಹೋಗಬಹುದು. ಹಿಂದಿನ ಮಂಚದ ಮೇಲೆ ಮಕ್ಕಳು ಆಡಿಕೊಂಡಿರುತ್ತಿದ್ದರು. ನಾವು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಮನುಷ್ಯನ ಆಯುಸ್ಸನ್ನು ಗಾಡಿಯ ಅಚ್ಚಿಗೆ ಹೋಲಿಸಿರುವುದುಂಟು. ಒಳ್ಳೆಯ ಅಚ್ಚು ತನ್ನ ಕಾಲ ತುಂಬಿ ಸವೆದುಹೋಗುವುದು ಒಂದು ಬಗೆ. ಅತಿಭಾರದಿಂದ, ಏರುತಗ್ಗಿನ ದಾರಿಯಿಂದ, ನಡೆಸುವವನ ದೋಷದಿಂದ, ಕಡಾಣಿ ಕಳಚಿ, ಎಣ್ಣೆ ಕಾಣದೆ, ನಡುವಿನಲ್ಲಿಯೇ ಕೆಡುವುದು ಇನ್ನೊಂದು ಬಗೆ. ಅತಿಯಾದ ಬಿಗಿತವೆಂಬುದು ಆ ಪಟ್ಟಿಯಲ್ಲಿಲ್ಲ. ಎತ್ತಿನ ಗಾಡಿಯ ಚಕ್ರ ಅಲುಗಾಡುತ್ತಲೇ ಉರುಳುವಂಥದು. ನಮ್ಮ ತಂದೆಯವರು ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಬೆರೆಸಿದ ಕೀಲೆಣ್ಣೆಯನ್ನು ಹಚ್ಚಿ, ಕಡಾಣಿಯೊಂದು ಭದ್ರವಾಗಿದ್ದರೆ ಸಾಕೆಂದು ಹೊರಟುಬಿಡುತ್ತಿದ್ದರು. ಅದನ್ನು ಕಣ್ಣಾರೆ ಕಂಡಿದ್ದ ನಾವು ಬಿಗಿಯ ಉಪದೇಶವನ್ನು ಎಲ್ಲಿಂದ ಕಲಿತೆವೋ ತಿಳಿಯದು.

ಹೊಸ ಬೇರಿಂಗುಗಳು ಬರಲು ನಾಲ್ಕು ದಿನ ಹಿಡಿಯಿತು. ಪ್ರಯಾಣ ಮುಂದಕ್ಕೆ ಹೋಯಿತು. ಉರುಳೆಯೂ ಬಟ್ಟಲೂ ಜೊತೆಯಾಗಿ ಸವೆಯುವುದರಿಂದ ಒಂದನ್ನು ಮಾತ್ರ ಬದಲಿಸಕೂಡದು. ಹಿತ್ತಾಳೆಯ ಕಡ್ಡಿಯಿಂದ ಹೊಸ ಬಟ್ಟಲನ್ನು ಸುತ್ತಲೂ ಸಮನಾಗಿ ತಟ್ಟುತ್ತಿದ್ದಂತೆ ಅದು ತಳ ಮುಟ್ಟಿದಾಗ ಪೆಟ್ಟಿನ ಧ್ವನಿಯೇ ಬದಲಾಯಿತು. ಆಮೇಲೆ ವೃದ್ಧರು ಎಡ ಅಂಗೈಯಲ್ಲಿ ಗ್ರೀಸು ಹಾಕಿಕೊಂಡು, ಬೇರಿಂಗಿನ ಅಗಲವಾದ ಅಂಚನ್ನು ಅದಕ್ಕೆ ಒತ್ತಿ ಒತ್ತಿ, ಗ್ರೀಸು ಉರುಳೆಗಳ ಸಂದಿನಿಂದ ಆಚೆಗೆ ಹೊಮ್ಮುವವರೆಗೂ ತುಂಬಿದರು. ಮೇಲೆ ಸವರಿದರೆ ಪ್ರಯೋಜನವಿಲ್ಲ. ಹಳೆಯ ಗ್ರೀಸಿನ ಮೇಲೆ ಬೇರೆ ಜಾತಿಯದನ್ನು ಬೆರೆಸಲೂ ಬಾರದು. ಕೆಲವು ಜಾತಿಗಳು ಒಂದಕ್ಕೊಂದು ಹೊಂದದೆ ನೀರಾಗಿಬಿಡುವುವು. ಒಳಗಿನ ಸೀಲನ್ನೂ ಹೊಸದಾಗಿ ಹಾಕಿದರು.

ಇನ್ನು ನಟ್ಟಿನ ವಿಷಯ. ಚಕ್ರವನ್ನು ಕೈಯಿಂದ ತಿರುಗಿಸುತ್ತ ಮೊದಲು ಸ್ಪ್ಯಾನರಿನಿಂದ ಬಿಗಿದು ಉರುಳೆಗಳನ್ನು ಕೂರಿಸಿದರು. ಅನಂತರ ನಟ್ಟನ್ನು ಪೂರ್ತಿ ಸಡಿಲಿಸಿ, ಬರಿಯ ಬೆರಳಿನಿಂದ ಮತ್ತೆ ತಾಗಿಸಿದರು. ಪಿನ್ನಿನ ತೂತು ಸರಿಹೊಂದದಿದ್ದಾಗ ಬಿಗಿಯುವ ಕಡೆಗಲ್ಲ, ಸಡಿಲಿಸುವ ಕಡೆಗೆ ತುಸು ಹೊರಳಿಸಿ ಹೊಸ ಪಿನ್ನನ್ನು ತೂರಿಸಿದರು. ಉಳಿಯಬೇಕಾದ ಸಡಿಲು ಒಂದು ಅಂಗುಲದ ಸಾವಿರದಲ್ಲಿ 1ರಿಂದ 5 ಪಾಲು. ಹೆಚ್ಚುಕಡಿಮೆ ಒಂದು ಕೂದಲೆಳೆ. ಇದಕ್ಕೂ ಮೀರಿ ಸಡಿಲಾದರೆ ಚಕ್ರ ತೊನೆಯುವುದು, ಬ್ರೇಕಿನ ಪೆಡಲು ಹೆಚ್ಚು ಆಳಕ್ಕೆ ಇಳಿಯುವುದು. ಆದುದರಿಂದ ಅಳತೆಯನ್ನು ಊಹೆಗೆ ಬಿಡದೆ ಆಯಾ ಗಾಡಿಯ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಎಡಗಡೆಯದನ್ನೂ ಬಿಚ್ಚಿ ನೋಡಿ, ಹೀಗೆಯೇ ಮಾಡಿದರು. ಕೂಲಿಯನ್ನು ಮುಟ್ಟಲಿಲ್ಲ, ಸೊಸೆ ಕೊಟ್ಟ ಚಕ್ಕುಲಿಯ ಡಬ್ಬಿಯನ್ನು ಮಾತ್ರ ತೆಗೆದುಕೊಂಡು ಹೋದರು.

ಹೊರಟ ದಿನ ಹತ್ತು ಮೈಲಿ ಹೋದೊಡನೆ, ಅವರು ಹೇಳಿದ್ದಂತೆಯೇ, ರಸ್ತೆಯ ಪಕ್ಕದ ತಂಗುದಾಣದಲ್ಲಿ ನಿಲ್ಲಿಸಿದೆವು. ಬ್ರೇಕಿನ ಕಾವೂ ಗುಂಬಕ್ಕೆ ಬರುವುದರಿಂದ ಒಂದೇ ಚಕ್ರವನ್ನು ಮುಟ್ಟಿ ಏನನ್ನೂ ಹೇಳಲಾಗದು, ಎಡಬಲಗಳನ್ನು ಹೋಲಿಸಬೇಕು. ನಾವು ಬಗ್ಗುವುದರೊಳಗಾಗಿ ಹಿರಿಯ ಮೊಮ್ಮಗಳು ತನ್ನ ತಂದೆಯ ಜೊತೆಯಲ್ಲಿ ಹೋಗಿ, ಅಂಗೈಯ ಹಿಂಬದಿಯನ್ನು ಮೆಲ್ಲನೆ ಒಂದಕ್ಕೆ ತಾಗಿಸಿ, ಓಡಿ ಬಂದು ಇನ್ನೊಂದಕ್ಕೆ ತಾಗಿಸಿ, "ತಾತ, ಎರಡೂ ಒಂದೇ ಥರ ಬೆಚ್ಚಗಿವೆ" ಎಂದಳು. ಸೊಸೆ ತಾನೂ ಇಳಿದು ಬಂದು ಎರಡನ್ನೂ ಮುಟ್ಟಿ ನೋಡಿದ ಮೇಲೆಯೇ ಗಾಡಿ ಮುಂದಕ್ಕೆ ಹೊರಟಿತು.